ಬೈಕ್‌ನಲ್ಲಿ ಮ್ಯಾಪ್ ನೋಡಬೇಕಾ, ಕೇಳಬೇಕಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೆಲ್ಮೆಟ್‌ಗೆ ಕೂರಿಸುವ ಬ್ಲೂಟೂತ್ ಹೆಡ್‌ಸೆಟ್‌ಗೆ. ಹ್ಯಾಂಡಲ್ ಮೇಲಿನ ಫೋನ್ ಹೋಲ್ಡರ್, ಟ್ಯಾಂಕ್ ಮೇಲಿನ ಪೌಚ್, ಇವೆರಡನ್ನೂ ದುಡ್ಡು ಕೊಟ್ಟು ತಂದು, ಬಳಸಿ, ಬೈದು ಬಿಟ್ಟವನು ನಾನು. ಹಾಗಾಗಿ ಇಲ್ಲಿ ಸರಿಸಮ ತಕ್ಕಡಿ ಹುಡುಕಬೇಡಿ.

ಕಥೆ ಶುರುವಾಗಿದ್ದು ನಮ್ಮ ಕಲಬುರಗಿಯ ಶರಣಬಸವೇಶ್ವರ ಗುಡಿಯಲ್ಲಿ, ತಂಗಿ ಮಗನ ಜವಳದ ದಿನ. ಸೋದರಮಾವ ನಾನೇ ಆದ್ದರಿಂದ ಮಗು ನನ್ನ ತೊಡೆ ಮೇಲೆ, ನನ್ನ ಫೋನ್ ತಮ್ಮನ ಕೈಯಲ್ಲಿ. ಕ್ಯಾಮೆರಾ ತೆಗೆದವನೇ ಅವನು, "ಅಣ್ಣಾ, ನಿನ್ ಫೋನಿಗೆ ಚಳಿಜ್ವರ ಬಂದದ ನೋಡು" ಅಂದ. ನಿಜಕ್ಕೂ ಹಾಗೇ ಇತ್ತು. ಕೈ ಅಲ್ಲಾಡದಿದ್ದರೂ ಸ್ಕ್ರೀನ್‌ನಲ್ಲಿ ಗುಡಿ, ಮಂದಿ, ಕ್ಷೌರಿಕರ ಕೈ ಎಲ್ಲವೂ ಗಡಗಡ ನಡುಗುತ್ತಿದ್ದವು. ಫೋನ್ ಒಳಗಿಂದ ನೊಣ ಸಿಕ್ಕಿಕೊಂಡಂತೆ ಸಣ್ಣಗೆ ಗುಂಯ್ ಅನ್ನುವ ಸದ್ದು ಬೇರೆ. ಅವತ್ತಿನ ಫೋಟೊಗಳಲ್ಲಿ ಮಗುವಿಗೆ ಎರಡೆರಡು ತಲೆ.

ಸೂಪರ್ ಮಾರ್ಕೆಟ್ ಹತ್ತಿರದ ಒಂದು ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಫೋನನ್ನು ಬಿಚ್ಚಲೂ ಇಲ್ಲ. ಕಿವಿ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದ. "ಗಾಡಿ ಹ್ಯಾಂಡಲ್‌ಗೆ ಹಾಕ್ತೀರೇನ್ರಿ?" ಅಂತ ಕೇಳಿದ. ಹೌದು ಅಂದೆ. "ಹಂಗಾದ್ರ ಓಐಎಸ್ ಹೋಗ್ಯದ್ರಿ. ಕ್ಯಾಮೆರಾನೇ ಬದಲಿ ಮಾಡಬೇಕು." ಬಿಲ್ 4,800 ರೂಪಾಯಿ. ಹೋಲ್ಡರ್ ಕೊಂಡಿದ್ದು 650ಕ್ಕೆ.

ಓಐಎಸ್ ಅಂದರೇನು ಅಂತ ನಾನು ಅವತ್ತೇ ತಿಳಿದುಕೊಂಡಿದ್ದು. ಈಗಿನ ಒಳ್ಳೆ ಫೋನ್‌ಗಳಲ್ಲಿ ಲೆನ್ಸ್ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ಅಲ್ಲಾಡುವಂತೆ ಕೂರಿಸಿರುತ್ತಾರೆ. ನಮ್ಮ ಕೈ ಎಡಕ್ಕೆ ನಡುಗಿದರೆ, ಒಳಗಿನ ಜೈರೋಸ್ಕೋಪ್ ಅದನ್ನು ಹಿಡಿದು, ಚಿತ್ರ ಕದಲದಂತೆ ಸಣ್ಣ ಅಯಸ್ಕಾಂತಗಳ ಬಲದಿಂದ ಲೆನ್ಸನ್ನು ಸರಿಸುತ್ತದೆ. ಕೈ ನಡುಕಕ್ಕೆ ಇದು ಸಾಕು. ಆದರೆ ನನ್ನದು 350 ಸಿಸಿ ವರ್ಗದ ಹಳೆಯ ಸಿಂಗಲ್ ಸಿಲಿಂಡರ್ ಗಾಡಿ, ವೇಗ 80 ದಾಟಿದರೆ ಕನ್ನಡಿಯಲ್ಲಿ ಹಿಂದಿನ ಲಾರಿ ಕೂಡ ಮಸುಕು ಮಸುಕು. ಆ ನಡುಕ ಚಾಸಿಯಿಂದ ಹ್ಯಾಂಡಲ್‌ಗೆ, ಹ್ಯಾಂಡಲ್‌ನಿಂದ ಹೋಲ್ಡರ್‌ಗೆ, ಅಲ್ಲಿಂದ ನೇರವಾಗಿ ಆ ಸೂಕ್ಷ್ಮ ಲೆನ್ಸ್‌ಗೆ. ಬೀದರ್‌ವರೆಗೆ ಸುಮಾರು 110 ಕಿಲೋಮೀಟರ್, ಎರಡೂವರೆ ತಾಸು ಒಂದೇ ಸಮ ಅದಕ್ಕೆ ಪೆಟ್ಟು. ಹೀಗೆ ಎಷ್ಟು ಭಾನುವಾರ ಮಾಡಿದ್ದೇನೋ ಲೆಕ್ಕವಿಲ್ಲ.

ಹೊಟ್ಟೆ ಉರಿಯುವುದು ಯಾಕೆ ಅಂದರೆ, ಇದು ಗುಟ್ಟೇನೂ ಆಗಿರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲೇ ಆಪಲ್ ಕಂಪನಿ ತನ್ನ ಐಫೋನ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು: ಜಾಸ್ತಿ ಶಕ್ತಿಯ ಬೈಕ್‌ಗಳ ಹ್ಯಾಂಡಲ್‌ಗೆ ಫೋನ್ ಹಾಕಬೇಡಿ, ಸ್ಕೂಟರ್‌ಗೆ ಹಾಕುವುದಾದರೂ ನಡುಕ ತಗ್ಗಿಸುವ ಹೋಲ್ಡರ್ ಬಳಸಿ ಅಂತ. ನನ್ನದು ಐಫೋನ್ ಅಲ್ಲ, ಆದ್ದರಿಂದ ನಮಗೇಕೆ ಅಂತ ಓದಲೇ ಇಲ್ಲ. ಓಐಎಸ್ ಇರುವ ಯಾವ ಫೋನ್‌ಗಾದರೂ ಇದೇ ಗತಿ ಬರಬಹುದು ಅಲ್ವಾ, ಅಷ್ಟು ಹೊಳೆಯಲಿಲ್ಲ.

ಹೋಲ್ಡರ್‌ಗೆ ಒಂದು ಮಾತು ಒಳ್ಳೆಯದು ಹೇಳಬೇಕು. ಸರ್ಕಲ್‌ಗಳಲ್ಲಿ ಯಾವ ದಾರಿ ಅಂತ ಕಣ್ಣಿಗೆ ಕಾಣುತ್ತದೆ, ತಪ್ಪುವುದೇ ಇಲ್ಲ. ಆದರೆ ನಮ್ಮದು ಬಿಸಿಲ ನಾಡು. ಫೋನ್ ಕಂಪನಿಗಳು ಸಾಮಾನ್ಯವಾಗಿ ಬರೆದುಕೊಳ್ಳುವ ಮಿತಿ 35 ಡಿಗ್ರಿ, ಕಲಬುರಗಿಯ ಮೇ ತಿಂಗಳು 42 ದಾಟುತ್ತದೆ. ಕಮಲಾಪುರ ಬರುವ ಮೊದಲೇ ಸ್ಕ್ರೀನ್ ಮಂಕಾಗಿ, ಫೋನ್ ತಣ್ಣಗಾಗಲಿ ಅನ್ನುವ ಸೂಚನೆ ಬಂದಿತ್ತು. ರಸ್ತೆ ಬದಿ ಕೆಂಪು ಬಾಳೆಹಣ್ಣು ತಿನ್ನುತ್ತಾ, ಫೋನನ್ನು ಬೇವಿನ ಮರದ ನೆರಳಲ್ಲಿ ಹಿಡಿದು ನಿಂತಿದ್ದೆ.

ಟ್ಯಾಂಕ್ ಪೌಚ್‌ದು ಇನ್ನೂ ಚಿಕ್ಕ ಕಥೆ. 1,400 ರೂಪಾಯಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕಿಸೆ. ನಡುಕ ಕಡಿಮೆ ಅನ್ನುವುದು ನಿಜ. ಆದರೆ ಆ ಕಿಸೆಯೊಳಗೆ ಗಾಳಿ ಆಡದೆ ಫೋನ್ ಬೆಂದ ಬದನೆಕಾಯಿ. ಪೌಚ್‌ನ ಅಯಸ್ಕಾಂತಕ್ಕೆ ಫೋನ್‌ನ ದಿಕ್ಸೂಚಿ ದಿಕ್ಕು ತಪ್ಪಿ, ನಿಂತಾಗಲೆಲ್ಲ ಮ್ಯಾಪ್‌ನ ಬಾಣ ಗಿರಗಿರ. ಮ್ಯಾಪ್ ನೋಡಲು ತಲೆ ಪೂರ್ತಿ ಬಗ್ಗಿಸಬೇಕು, ಅಷ್ಟರಲ್ಲಿ ಎದುರಿಗೆ ತೊಗರಿ ಮೂಟೆ ತುಂಬಿದ ಟ್ರ್ಯಾಕ್ಟರ್. ಮೂರು ಸಲ ಬಳಸಿ ಬಿಟ್ಟೆ.

ಇನ್ನು ಬ್ಲೂಟೂತ್. 3,200 ರೂಪಾಯಿ ಕೊಟ್ಟೆ. ಹೆಲ್ಮೆಟ್‌ಗೆ ತೂತು ಹೊಡೆಯದೆ ಕ್ಲಿಪ್‌ನಲ್ಲಿ ಹೊರಗೆ ಕೂರುತ್ತದೆ, ತೆಳ್ಳನೆಯ ಸ್ಪೀಕರ್‌ಗಳು ಕಿವಿ ಹತ್ತಿರದ ಗುಂಡಿಯಲ್ಲಿ. ಫೋನ್ ಜಾಕೆಟ್ ಕಿಸೆಯಲ್ಲಿ, ಸ್ಕ್ರೀನ್ ಆಫ್. ಬಿಸಿಲಿಲ್ಲ, ನಡುಕವಿಲ್ಲ, ಮಳೆ ಬಂದರೂ ಚಿಂತೆಯಿಲ್ಲ. ಮ್ಯಾಪ್ ಕನ್ನಡದಲ್ಲೇ ದಾರಿ ಹೇಳುತ್ತದೆ, ಊರುಗಳ ಹೆಸರನ್ನು ಮಾತ್ರ ಆ ಹೆಣ್ಣುಮಗಳು ಪರದೇಶದಿಂದ ಬಂದವಳಂತೆ ಉಚ್ಚರಿಸುತ್ತಾಳೆ. ಹುಮನಾಬಾದ್ ಅಂತ ಅರ್ಥವಾಗಲು ನನಗೆ ಎರಡು ಟ್ರಿಪ್ ಬೇಕಾಯಿತು.

ತೊಂದರೆ ಇಲ್ಲವೆಂದಲ್ಲ. 70ರ ಮೇಲೆ ಗಾಳಿ ಸದ್ದಿಗೆ ಮಾತು ಅರ್ಧ ಹಾರಿಹೋಗುತ್ತದೆ. ಸೌಂಡ್ ಏರಿಸಿದರೆ ಹಿಂದಿನ ಲಾರಿಯ ಹಾರ್ನ್ ಕೇಳುವುದಿಲ್ಲ, ಅದು ಇನ್ನೂ ಅಪಾಯ. ನಾನು ಎಡಗಡೆಯ ಸ್ಪೀಕರ್ ಒಂದನ್ನೇ ಇಟ್ಟುಕೊಂಡು ಬಲಗಡೆಯದನ್ನು ತೆಗೆದಿದ್ದೇನೆ. ಹಾಡು ಇಲ್ಲ, ಕಾಲ್ ಬಂದರೆ ಗಾಡಿ ಪಕ್ಕಕ್ಕೆ. ರಿಂಗ್ ರೋಡ್ ಒಳಗೆ ಬಂದ ಕೂಡಲೇ ಪೂರ್ತಿ ಆಫ್. ಜಗತ್ ಸರ್ಕಲ್‌ಗೆ ದಾರಿ ಕೇಳುವಷ್ಟು ಹೊಸಬನೇನೂ ಅಲ್ಲ ನಾನು.

ಕಾನೂನಿನ ಬಗ್ಗೆ ಸ್ನೇಹಿತರು ಕೇಳುತ್ತಿರುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರ ಅಕ್ಟೋಬರ್ 1ರಿಂದ ಬಂದ ತಿದ್ದುಪಡಿ ಪ್ರಕಾರ, ಗಾಡಿ ಓಡಿಸುವಾಗ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ ಬಳಸಬಹುದು, ಅದೂ ಗಮನ ಕೆಡದಂತೆ. ಹೋಲ್ಡರ್‌ನಲ್ಲಿ ಫೋನ್ ಇಟ್ಟು ರೀಲ್ಸ್ ನೋಡುತ್ತಾ ಹೋಗುವ ಹುಡುಗರಿಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ, ಅವರದು ಬೇರೆಯೇ ಲೋಕ.

ನಿಮಗೆ ಯಾವುದು? ನನ್ನಂತೆ ಭಾನುವಾರ ದೂರ ಹೋಗುವವರು, ನಡುಗುವ ಗಾಡಿ, ದುಬಾರಿ ಫೋನ್ ಇರುವವರು ಕಣ್ಣು ಮುಚ್ಚಿ ಬ್ಲೂಟೂತ್ ತಗೊಳ್ಳಿ. ಅಂಗಡಿಗೆ ನಿಮ್ಮದೇ ಹೆಲ್ಮೆಟ್ ಒಯ್ಯಿರಿ. ಕೆಲವು ಹೆಲ್ಮೆಟ್‌ಗಳಲ್ಲಿ ಸ್ಪೀಕರ್‌ಗೆ ಗುಂಡಿಯೇ ಇರುವುದಿಲ್ಲ, ಅರ್ಧ ತಾಸಿಗೆ ಕಿವಿ ಕೆಂಪಾಗುತ್ತದೆ.

650 ರೂಪಾಯಿಯ ಹೋಲ್ಡರ್ ಈಗ ಚಿಕ್ಕಪ್ಪನ ಮಗನ ಸ್ಕೂಟಿಯಲ್ಲಿದೆ. ಅವನು ಊಟದ ಪಾರ್ಸೆಲ್ ಡೆಲಿವರಿ ಮಾಡುತ್ತಾನೆ, ಮನೆ ಹುಡುಕಲು ಸ್ಕ್ರೀನ್ ಕಾಣಲೇಬೇಕು. ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಕ್ಲಾಂಪ್ ಕೆಳಗೆ ಸುತ್ತಿಕೊಂಡಿದ್ದಾನೆ. ಕೊಡುವಾಗ ಕ್ಯಾಮೆರಾ ಹೋದೀತು ಹುಷಾರು ಅಂದೆ. "ಎಂಟು ಸಾವಿರದ ಫೋನ್ ಅಣ್ಣಾ, ಇದ್ರಾಗ ನಿಮ್ಮ ಓಐಎಸ್ ಎಲ್ಲದ?" ಅಂದ.