ಒಂದೇ ಉಗುರು, ಎರಡು ಬೇಟೆಗಾರರು: ವೀವೈಲ್ ಮತ್ತು ಸ್ನೀಸ್ಲರ್

ಪೋಕೆಮಾನ್ ಆಟಗಳಲ್ಲಿ ರೇಜರ್ ಕ್ಲಾ ಎಂಬ ಹರಿತವಾದ ಉಗುರೊಂದು ವಸ್ತುವಾಗಿ ಸಿಗುತ್ತದೆ. ಜೋಟೋ ಪ್ರಾಂತ್ಯ ಮೂಲದ ಸ್ನೀಸಲ್ ಎಂಬ ಪೋಕೆಮಾನ್‌ಗೆ ಅದನ್ನು ಹಿಡಿಸಿ ರಾತ್ರಿಯ ಹೊತ್ತು ಒಂದು ಲೆವೆಲ್ ಏರಿಸಿದರೆ ವೀವೈಲ್ ಆಗುತ್ತದೆ. ಹಿಸುಯಿ ಪ್ರಾಂತ್ಯದ ಸ್ನೀಸಲ್‌ಗೆ ಅದೇ ಉಗುರನ್ನು ಕೊಟ್ಟು ಹಗಲಿನಲ್ಲಿ ಏರಿಸಿದರೆ ಸ್ನೀಸ್ಲರ್ ಆಗುತ್ತದೆ. ಎರಡರ ಒಟ್ಟು ಬೇಸ್ ಸ್ಟ್ಯಾಟ್ (ಮೂಲ ಬಲದ ಅಂಕಿಗಳ ಮೊತ್ತ) ಕೂಡ ಒಂದೇ, 510. ಎರಡೂ ವೇಗವಾಗಿ ಬಂದು ಬಲವಾಗಿ ಹೊಡೆದು, ತಿರುಗೇಟು ಬಿದ್ದರೆ ನಿಲ್ಲಲಾರದ ಜಾತಿಯವೇ. ಆದ್ದರಿಂದ ಒಂದು ತಂಡದಲ್ಲಿ ಎರಡಕ್ಕೂ ಜಾಗವಿರುವುದು ಅಪರೂಪ, ಆಯ್ಕೆ ಮಾಡಲೇಬೇಕಾಗುತ್ತದೆ. ಕಥಾಭಾಗದಲ್ಲಿಯೂ, ಪೋಕೆಮಾನ್ ಶೋಡೌನ್ ಸಿಮ್ಯುಲೇಟರ್‌ನಲ್ಲಿಯೂ, ಸ್ವಿಚ್‌ನ ಆನ್‌ಲೈನ್ ಪಂದ್ಯಗಳಲ್ಲಿಯೂ ಎರಡನ್ನೂ ಸಾಕಷ್ಟು ಕಾಲ ಆಡಿಸಿದ ಮೇಲೆ ನನಗೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವೀವೈಲ್‌ನ ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳದೆ ಅದರ ಬೆಲೆ ಅರ್ಥವಾಗುವುದಿಲ್ಲ. 1999ರಲ್ಲಿ ಜಪಾನಿನಲ್ಲಿ ಗೋಲ್ಡ್ ಮತ್ತು ಸಿಲ್ವರ್ ಆಟಗಳು ಬಂದಾಗ ಡಾರ್ಕ್ ಎಂಬ ಹೊಸ ಟೈಪ್‌ನೊಂದಿಗೆ ಸ್ನೀಸಲ್ ಕೂಡ ಬಂದಿತು. ಅದರ ಅಟ್ಯಾಕ್ 95, ಸ್ಪೆಷಲ್ ಅಟ್ಯಾಕ್ ಬರೀ 35. ಆದರೆ ಆ ಕಾಲದಲ್ಲಿ ಒಂದು ಮೂವ್ (ಹೋರಾಟದ ಪಟ್ಟು) ಅಟ್ಯಾಕ್ ಅಂಕಿಯನ್ನು ಬಳಸುವ ಫಿಸಿಕಲ್ಲೋ, ಸ್ಪೆಷಲ್ ಅಟ್ಯಾಕ್ ಬಳಸುವ ಸ್ಪೆಷಲ್ಲೋ ಎಂಬುದನ್ನು ಅದರ ಟೈಪ್ ನಿರ್ಧರಿಸುತ್ತಿತ್ತು, ಮತ್ತು ಡಾರ್ಕ್, ಐಸ್ ಎರಡೂ ಸ್ಪೆಷಲ್ ಕಡೆಯಲ್ಲಿದ್ದವು. ತನ್ನ ಸ್ವಂತ ಟೈಪ್‌ನ ಮೂವ್ ಹಾಕಿದಾಗಲೆಲ್ಲ ಸ್ನೀಸಲ್ ಆ 35ನ್ನೇ ನೆಚ್ಚಿಕೊಳ್ಳಬೇಕಾಗುತ್ತಿತ್ತು. ಇಷ್ಟು ಚೂಪಾದ ಉಗುರುಗಳಿರುವ ಪ್ರಾಣಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿರಲಾರದು. 2006ರಲ್ಲಿ ಡೈಮಂಡ್ ಮತ್ತು ಪರ್ಲ್ ಆಟಗಳು ಪ್ರತಿ ಮೂವ್‌ಗೂ ಪ್ರತ್ಯೇಕವಾಗಿ ಈ ವಿಂಗಡಣೆ ಮಾಡಿದವು, ಅದೇ ಆಟಗಳಲ್ಲಿ ವೀವೈಲ್ ಹುಟ್ಟಿತು: ಅಟ್ಯಾಕ್ 120, ವೇಗ 125. ಸ್ನೀಸ್ಲರ್‌ಗೆ ಇಂಥ ಬಡತನದ ದಿನಗಳೇ ಗೊತ್ತಿಲ್ಲ. 2022ರ ಜನವರಿಯಲ್ಲಿ ಲೆಜೆಂಡ್ಸ್ ಆರ್ಸಿಯಸ್ ಆಟದೊಂದಿಗೆ ಬಂದ ಅದು ಅಟ್ಯಾಕ್ 130, ವೇಗ 120 ಎಂಬ ಅಂಕಿಗಳನ್ನೂ, ಫೈಟಿಂಗ್ ಮತ್ತು ಪಾಯ್ಸನ್ ಎಂಬ ಟೈಪ್‌ಗಳನ್ನೂ, ತನಗಷ್ಟೇ ಮೀಸಲಾದ ಡಯರ್ ಕ್ಲಾ ಎಂಬ ಮೂವ್ ಅನ್ನೂ ಹುಟ್ಟುವಾಗಲೇ ತಂದಿತು.

ಸ್ವಭಾವದಲ್ಲಿಯೂ ಇವೆರಡು ದೂರ ದೂರ. ವೀವೈಲ್‌ಗಳು ನಾಲ್ಕೈದರ ಗುಂಪು ಕಟ್ಟಿಕೊಂಡು, ಮರ ಬಂಡೆಗಳ ಮೇಲೆ ಉಗುರಿನಿಂದ ಗುರುತು ಕೊರೆದು ಪರಸ್ಪರ ಸಂಕೇತ ಕಳುಹಿಸುತ್ತಾ ಬೇಟೆಯಾಡುತ್ತವೆ ಎಂದು ಆಟದೊಳಗಿನ ವಿವರಕೋಶವಾದ ಪೋಕೆಡೆಕ್ಸ್ ಹೇಳುತ್ತದೆ. ಸ್ನೀಸ್ಲರ್ ಏಕಾಂತಪ್ರಿಯ, ವಿಷವೂ ಮೈಬಲವೂ ಸೇರಿರುವುದರಿಂದ ಹೆಪ್ಪುಗಟ್ಟಿದ ಎತ್ತರದ ಬಯಲುಗಳಲ್ಲಿ ಅದನ್ನು ಎದುರಿಸುವ ಜೀವಿಯಿಲ್ಲ, ಹೀಗಾಗಿ ಗುಂಪಿನ ಅಗತ್ಯವೂ ಇಲ್ಲ. ಇದನ್ನು ಬರೀ ಅಲಂಕಾರದ ವಿವರಣೆ ಎಂದು ನಾನು ಬಹಳ ಕಾಲ ಓದಿ ಬಿಟ್ಟಿದ್ದೆ. ಆಟದಲ್ಲಿ ಮಾತ್ರ ಈ ಸ್ವಭಾವಗಳು ಅದಲುಬದಲಾಗಿ ಕಾಣುತ್ತವೆ. ಒಂದಕ್ಕೊಂದು ಎದುರಾಗುವ ಒಂಟಿ ಹೋರಾಟದಲ್ಲಿ ನನಗೆ ಹೆಚ್ಚು ಒದಗಿ ಬಂದದ್ದು ಗುಂಪುಜೀವಿ ವೀವೈಲ್, ಎರಡೆರಡು ಒಟ್ಟಿಗೆ ಕಣಕ್ಕಿಳಿಯುವ ಜೋಡಿ ಹೋರಾಟದಲ್ಲಿ ಮಿಂಚಿದ್ದು ಏಕಾಂತಪ್ರಿಯ ಸ್ನೀಸ್ಲರ್.

ಮೊದಲು ಕಥಾಭಾಗದ ಮಾತು. ಲೆಜೆಂಡ್ಸ್ ಆರ್ಸಿಯಸ್‌ನಲ್ಲಿ ಹೋಲಿಕೆಗೆ ಹೆಚ್ಚು ಅವಕಾಶವಿಲ್ಲ. ಅಲ್ಲಿ ಎಬಿಲಿಟಿಗಳೂ (ಪೋಕೆಮಾನ್‌ಗಳ ಹುಟ್ಟುಗುಣಗಳು) ಇಲ್ಲ, ಹಿಡಿಸುವ ವಸ್ತುಗಳೂ ಇಲ್ಲ, ಮೇಲಾಗಿ ಕಥೆಯೇ ಸ್ನೀಸ್ಲರ್ ಪಕ್ಷದಲ್ಲಿದೆ: ಕೊರೊನೆಟ್ ಪರ್ವತಸೀಮೆಯಲ್ಲಿ ಇಂಗೋ ಎಂಬ ಪಾಲಕನ ಆರೈಕೆಯಲ್ಲಿರುವ ಸ್ನೀಸ್ಲರ್ ನಮ್ಮನ್ನು ಬೆನ್ನಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಕಡಿದಾದ ಬಂಡೆಗಳನ್ನು ಉಗುರಿನ ಹಿಡಿತದಿಂದಲೇ ಹತ್ತಿಸುತ್ತದೆ. ಆ ಏರಿಕೆಯ ಸುಖ ಕಂಡವರು ಸ್ನೀಸ್ಲರ್ ಅಭಿಮಾನಿಗಳಾಗದೆ ಉಳಿಯುವುದು ಕಷ್ಟ, ನಾನೂ ಉಳಿಯಲಿಲ್ಲ.

ಸ್ಕಾರ್ಲೆಟ್ ಮತ್ತು ವೈಲೆಟ್ ಆಟಗಳಲ್ಲಿ ಲೆಕ್ಕ ತಿರುಗುತ್ತದೆ. ಪಾಲ್ಡಿಯಾದ ಗ್ಲಾಸಿಯಾಡೋ ಪರ್ವತದ ಹಿಮದಲ್ಲಿ ಜೋಟೋ ಮೂಲದ ಸ್ನೀಸಲ್ ತಾನಾಗಿಯೇ ಸಿಗುತ್ತದೆ, ಹಿಸುಯಿಯದ್ದನ್ನು ಮಾತ್ರ ಆಟದಿಂದ ಆಟಕ್ಕೆ ಪೋಕೆಮಾನ್ ಸಾಗಿಸುವ ಪೋಕೆಮಾನ್ ಹೋಮ್ ಸೇವೆಯ ಮೂಲಕ ತರಿಸಿಕೊಳ್ಳಬೇಕು. ತರಿಸಿಕೊಂಡು ಎರಡನ್ನೂ ಪೋಕೆಮಾನ್ ಲೀಗ್‌ವರೆಗೆ ಒಯ್ದರೆ ಎಲೀಟ್ ಫೋರ್ ಎಂಬ ನಾಲ್ವರು ಪ್ರಬಲ ಎದುರಾಳಿಗಳ ಎದುರಿನ ನಾಲ್ಕು ಪಂದ್ಯಗಳಲ್ಲಿ ಮೂರು ವೀವೈಲ್‌ಗೆಂದೇ ಹೊಲಿಸಿದಂತಿವೆ. ರಿಕಾಳ ಗ್ರೌಂಡ್ ತಂಡದಲ್ಲಿ ಡಾನ್‌ಫಾನ್, ಡಗ್‌ಟ್ರಿಯೋ, ಕ್ಲಾಡ್‌ಸೈರ್‌ಗಳಿಗೆ ಐಸ್ ಎರಡು ಪಟ್ಟು ಹಾನಿ ಮಾಡುತ್ತದೆ. ಲ್ಯಾರಿಯ ಟ್ರೋಪಿಯಸ್ ಮತ್ತು ಆಲ್ಟೇರಿಯಾಗಳಿಗೆ ಹಾಗೂ ಹ್ಯಾಸಲ್‌ನ ನಾಯ್‌ವರ್ನ್ ಮತ್ತು ಫ್ಲ್ಯಾಪಲ್‌ಗಳಿಗೆ ನಾಲ್ಕು ಪಟ್ಟು. ಸ್ನೀಸ್ಲರ್‌ಗಾದರೋ ಗ್ರೌಂಡ್, ಫ್ಲೈಯಿಂಗ್ ಎರಡೂ ದೌರ್ಬಲ್ಯಗಳೇ ಆಗಿರುವುದರಿಂದ ರಿಕಾ ಮತ್ತು ಲ್ಯಾರಿಯ ಎದುರು ಅದನ್ನು ಒಳಗೇ ಇಟ್ಟುಕೊಳ್ಳಬೇಕಾಗುತ್ತದೆ. ಪಾಪಿಯ ಸ್ಟೀಲ್ ತಂಡದೆದುರು ಮಾತ್ರ ಪಾತ್ರಗಳು ಬದಲಾಗುತ್ತವೆ. ವೀವೈಲ್‌ನ ಐಸ್ ಅಲ್ಲಿ ಮೊಂಡಾಗುತ್ತದೆ, ಸ್ನೀಸ್ಲರ್‌ನ ಕ್ಲೋಸ್ ಕಾಂಬ್ಯಾಟ್ ಎಂಬ ಫೈಟಿಂಗ್ ಮೂವ್ ಕಾಪರಾಜಾ, ಮ್ಯಾಗ್ನೆಜೋನ್‌ಗಳನ್ನು ಕೆಡವುತ್ತದೆ. ಮೂರಕ್ಕೆ ಒಂದು ಎಂಬ ಈ ಅಂತರ ದೊಡ್ಡದು, ಕಥಾಪ್ರಯಾಣಕ್ಕೆ ವೀವೈಲ್ ಎಂಬ ನನ್ನ ತೀರ್ಪಿನಲ್ಲಿ ಅನುಮಾನವಿಲ್ಲ.

ಆಟಗಾರರ ನಡುವಿನ ಪಂದ್ಯಗಳಿಗೆ ಬಂದಾಗ ವಿಷಯ ಹೆಚ್ಚು ಜಟಿಲವಾಗುತ್ತದೆ. ವೇಗದಿಂದ ಆರಂಭಿಸೋಣ. ಲೆವೆಲ್ 50ರಲ್ಲಿ, ವೇಗ ಹೆಚ್ಚಿಸುವ ಜಾಲಿ ಸ್ವಭಾವ ಮತ್ತು ಪೂರ್ಣ ತರಬೇತಿಯೊಂದಿಗೆ ವೀವೈಲ್‌ನ ವೇಗ 194, ಸ್ನೀಸ್ಲರ್‌ನದು 189. ಐದರ ಅಂತರ ಕಾಗದದ ಮೇಲೆ ಸಣ್ಣದಾದರೂ ಗ್ರೆನಿಂಜಾ ಮತ್ತು ಮಿಯಾಸ್ಕರಾಡಾ ಎಂಬ ಪೋಕೆಮಾನ್‌ಗಳು ಸರಿಯಾಗಿ ಆ ಸಂದಿಯಲ್ಲಿಯೇ ನಿಂತಿವೆ. ಅವುಗಳ ಬೇಸ್ ವೇಗ ಕ್ರಮವಾಗಿ 122 ಮತ್ತು 123. ವೀವೈಲ್ ಅವೆರಡನ್ನೂ ಹಿಂದೆ ಹಾಕುತ್ತದೆ, ಸ್ನೀಸ್ಲರ್ ಅವೆರಡರ ಹಿಂದೆ ಬೀಳುತ್ತದೆ. ಆದರೆ ಇಷ್ಟಕ್ಕೇ ವೀವೈಲ್‌ಗೆ ಅಂಕ ಕೊಡುವಂತಿಲ್ಲ, ಏಕೆಂದರೆ ಮಿಯಾಸ್ಕರಾಡಾದ ಗ್ರಾಸ್ ಮತ್ತು ಡಾರ್ಕ್ ಎರಡು ಬಗೆಯ ಹೊಡೆತವನ್ನೂ ಸ್ನೀಸ್ಲರ್ ಅರ್ಧಕ್ಕಿಳಿಸಿ ತಾಳಿಕೊಂಡು ತಿರುಗಿ ಹೊಡೆಯಬಲ್ಲದು. ಮೊದಲು ಹೊಡೆಯುವ ಹಕ್ಕು ಒಂದಕ್ಕೆ, ಹೊಡೆಸಿಕೊಂಡು ಉಳಿಯುವ ಅವಕಾಶ ಇನ್ನೊಂದಕ್ಕೆ.

ಈ ಉಳಿಯುವ ಪ್ರಶ್ನೆಯಲ್ಲಿ ವೀವೈಲ್ ನಿಜಕ್ಕೂ ದುರ್ಬಲ. ಫೈಟಿಂಗ್ ಅದಕ್ಕೆ ನಾಲ್ಕು ಪಟ್ಟು. ಫೈರ್, ರಾಕ್, ಬಗ್, ಸ್ಟೀಲ್, ಫೇರಿ ಎರಡೆರಡು ಪಟ್ಟು. ಸ್ನೀಸ್ಲರ್‌ಗೆ ಸೈಕಿಕ್ ನಾಲ್ಕು ಪಟ್ಟು, ಗ್ರೌಂಡ್ ಮತ್ತು ಫ್ಲೈಯಿಂಗ್ ಎರಡೆರಡು ಪಟ್ಟು, ಅಲ್ಲಿಗೆ ಮುಗಿಯಿತು. ಪಾಯ್ಸನ್ ಜೊತೆಗಿರುವುದರಿಂದ ಫೇರಿಯ ಭಯವೂ ಇಲ್ಲ. ಎದುರಾಳಿ ಸ್ಟೆಲ್ತ್ ರಾಕ್ ಎಂಬ ಚೂಪು ಕಲ್ಲುಗಳ ಬಲೆ ಹರಡಿದ್ದರೆ ಪ್ರತಿ ಬಾರಿ ಒಳಬರುವಾಗಲೂ ವೀವೈಲ್ ತನ್ನ ಪ್ರಾಣಶಕ್ತಿಯ ಕಾಲುಭಾಗ ಕಳೆದುಕೊಳ್ಳುತ್ತದೆ, ಸ್ನೀಸ್ಲರ್ ಹದಿನಾರರಲ್ಲೊಂದು ಭಾಗ ಮಾತ್ರ. ಈ ಕಾರಣಕ್ಕಾಗಿಯೇ ಒಂಟಿ ಪಂದ್ಯಗಳಲ್ಲಿ ವೀವೈಲ್‌ನ ವಸ್ತುವಿನ ಜಾಗವನ್ನು ಇಂಥ ಹಾನಿ ತಡೆಯುವ ಹೆವಿ ಡ್ಯೂಟಿ ಬೂಟ್ಸ್ ಹೆಚ್ಚುಕಡಿಮೆ ಗುತ್ತಿಗೆ ಹಿಡಿದಿವೆ. ಸ್ನೀಸ್ಲರ್‌ಗೆ ವಸ್ತುವಿನ ಆಯ್ಕೆ ಮುಕ್ತವಾಗಿದೆ, ಮೇಲಾಗಿ ನೆಲದ ಮೇಲೆ ಟಾಕ್ಸಿಕ್ ಸ್ಪೈಕ್ಸ್ ಎಂಬ ವಿಷಮುಳ್ಳುಗಳು ಬಿದ್ದಿದ್ದರೆ ಅದು ಒಳಬಂದ ಮಾತ್ರಕ್ಕೆ ಅವು ಮಾಯವಾಗುತ್ತವೆ.

ಇಷ್ಟೆಲ್ಲ ಇದ್ದೂ ಒಂಟಿ ಪಂದ್ಯಗಳಲ್ಲಿ ನನ್ನ ಕೈ ವೀವೈಲ್ ಕಡೆಗೇ ಹೋಗುತ್ತದೆ. ಅದರ ಕಾರಣ ಟ್ರಿಪಲ್ ಆಕ್ಸಲ್, ನಾಕ್ ಆಫ್ ಮತ್ತು ಐಸ್ ಶಾರ್ಡ್ ಎಂಬ ಮೂರು ಮೂವ್‌ಗಳು. ಇವುಗಳಲ್ಲಿ ಮೊದಲ ಎರಡು ಸ್ಕಾರ್ಲೆಟ್ ಮತ್ತು ವೈಲೆಟ್‌ಗೆ ಡಿಎಲ್‌ಸಿಗಳು (ಹೆಚ್ಚುವರಿ ಭಾಗಗಳು) ಬಂದ ಮೇಲೆ ಮೂವ್ ಕಲಿಸುವ ವಸ್ತುವಾದ ಟಿಎಂ ರೂಪದಲ್ಲಿ ಸಿಕ್ಕವು. ಟ್ರಿಪಲ್ ಆಕ್ಸಲ್ 20, 40, 60 ಶಕ್ತಿಯ ಮೂರು ಏಟುಗಳನ್ನು ಸಾಲಾಗಿ ಹೊಡೆಯುತ್ತದೆ. ಪ್ರಾಣಶಕ್ತಿ ಪೂರ್ಣವಿದ್ದಾಗ ಹಾನಿಯನ್ನು ಅರ್ಧಕ್ಕಿಳಿಸುವ ಡ್ರಾಗೊನೈಟ್‌ನ ಮಲ್ಟಿಸ್ಕೇಲ್ ಮೊದಲ ಸಣ್ಣ ಏಟಿಗೇ ಮುರಿದು ಉಳಿದ ಎರಡು ಪೂರ್ಣವಾಗಿ ಬೀಳುತ್ತವೆ. ಒಂದೇ ಏಟಿಗೆ ಬೀಳದಂತೆ ಕಾಯುವ ಫೋಕಸ್ ಸ್ಯಾಶ್ ನಂಬಿ ಕುಳಿತವರಿಗೂ ಇದೇ ಗತಿ. ನಾಕ್ ಆಫ್ ಎದುರಾಳಿಯ ಕೈಯಲ್ಲಿರುವ ವಸ್ತುವನ್ನು ಉದುರಿಸುತ್ತದೆ, ವಸ್ತುವಿದ್ದರೆ ಹಾನಿಯೂ ಒಂದೂವರೆ ಪಟ್ಟು. ಇದರಿಂದಾದ ನಷ್ಟವನ್ನು ಎದುರಾಳಿ ಪಂದ್ಯ ಮುಗಿಯುವವರೆಗೂ ತುಂಬಿಕೊಳ್ಳಲಾರ. ಐಸ್ ಶಾರ್ಡ್‌ನ ಶಕ್ತಿ ಕೇವಲ 40, ಆದರೆ ಅದು ವೇಗದ ಸರದಿಯನ್ನು ಮೀರಿ ಮೊದಲು ಬೀಳುವುದರಿಂದ ಅಟ್ಯಾಕ್ ಮತ್ತು ವೇಗ ಏರಿಸುವ ಡ್ರಾಗನ್ ಡ್ಯಾನ್ಸ್ ಹಾಕಿಕೊಂಡು ಬೀಗುವ ಎದುರಾಳಿಗಳಿಗೆ ಕಡಿವಾಣವಾಗುತ್ತದೆ. ಡ್ರಾಗೊನೈಟ್ ಎಕ್ಸ್‌ಟ್ರೀಮ್ ಸ್ಪೀಡ್ ಇಟ್ಟುಕೊಂಡಿದ್ದರೆ ಮಾತ್ರ ಈ ಲೆಕ್ಕ ನಡೆಯದು, ಆ ಮೂವ್‌ನ ಆದ್ಯತೆ ಇನ್ನೂ ಮೇಲಿನದು.

ಟ್ರಿಪಲ್ ಆಕ್ಸಲ್‌ನ ದೋಷವನ್ನೂ ಹೇಳಬೇಕು. ಪ್ರತಿ ಏಟಿನ ಗುರಿ ಶೇಕಡ 90, ಒಂದು ತಪ್ಪಿದರೆ ಸರಣಿ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಮೂರೂ ತಗುಲುವ ಸಂಭವ ಶೇಕಡ 73ರಷ್ಟು ಮಾತ್ರ. ಆದರೆ ಇದು ಮೊದಲೇ ಲೆಕ್ಕ ಹಾಕಬಹುದಾದ ಅಪಾಯ. ಎರಡೇ ಏಟು ತಗುಲಿದರೆ ಏನಾಗುತ್ತದೆ ಎಂದು ಮುಂಚೆಯೇ ಯೋಚಿಸಿ ಐಸ್ ಶಾರ್ಡ್‌ಗೆ ಜಾಗ ಬಿಟ್ಟುಕೊಂಡಿರಬಹುದು.

ಸ್ನೀಸ್ಲರ್‌ನ ಅದೃಷ್ಟ ಇದಕ್ಕಿಂತ ಬೇರೆ ಬಗೆಯದು. ಸ್ಕಾರ್ಲೆಟ್ ಮತ್ತು ವೈಲೆಟ್‌ನಲ್ಲಿ ಡಯರ್ ಕ್ಲಾ 80 ಶಕ್ತಿಯ, ಗುರಿ ತಪ್ಪದ ಮೂವ್. ಮೇಲಿಂದ ಅರ್ಧಕ್ಕರ್ಧ ಸಂಭವದಲ್ಲಿ ಅದು ಎದುರಾಳಿಗೆ ವಿಷವೇರಿಸುತ್ತದೆ, ಇಲ್ಲವೆ ಪಾರ್ಶ್ವವಾಯು ತರಿಸುತ್ತದೆ, ಇಲ್ಲವೆ ನಿದ್ದೆಗೆ ದೂಡುತ್ತದೆ. ಯಾವುದು ಎಂಬುದು ಯಾರ ಕೈಯಲ್ಲೂ ಇಲ್ಲ. ಸೋಲುವ ಸ್ಥಿತಿಯಲ್ಲಿ ಈ ಮೂವ್ ಒತ್ತಿ, ಎದುರಿನ ಪೋಕೆಮಾನ್ ನಿದ್ದೆಗೆ ಜಾರಿ, ನನ್ನ ಜಾಣ್ಮೆಯ ಪಾಲಿಲ್ಲದೆಯೇ ಪಂದ್ಯ ನನ್ನದಾದದ್ದುಂಟು. ಎದುರಿಗೆ ಕುಳಿತಾಗ ಅದೇ ಅನುಭವ ಉಲ್ಟಾ ಆಗಿ ಸಿಗುತ್ತದೆ, ಆಗ ಸಿಟ್ಟು ಬಾರದೆ ಇರದು. ಆಟಗಾರರ ಸಮುದಾಯವಾದ ಸ್ಮೋಗನ್‌ನ ನಿಯಮಗಳಲ್ಲಿ ಸ್ನೀಸ್ಲರ್ ಅನ್ನು ಸಾಮಾನ್ಯ ಶ್ರೇಣಿಯಾದ ಓಯುನಿಂದ ನಿಷೇಧಿಸಿ ಅತಿಬಲಶಾಲಿಗಳ ಶ್ರೇಣಿಯಾದ ಉಬರ್ಸ್‌ಗೆ ಕಳುಹಿಸಿರುವುದು ನನ್ನ ಮಟ್ಟಿಗೆ ಸರಿಯಾದ ನಿರ್ಧಾರ. ಇಷ್ಟರ ನಡುವೆಯೂ ಅದಕ್ಕೊಂದು ಗೋಡೆಯಿದೆ: ಸ್ಟೀಲ್ ಮತ್ತು ಘೋಸ್ಟ್ ಎರಡೂ ಆಗಿರುವ ಗೋಲ್ಡೆಂಗೋಗೆ ಪಾಯ್ಸನ್ ಹತ್ತುವುದಿಲ್ಲ, ಫೈಟಿಂಗ್ ತಗುಲುವುದಿಲ್ಲ. ಅದೊಂದಕ್ಕಾಗಿ ಥ್ರೋಟ್ ಚಾಪ್ ಅಥವಾ ಶ್ಯಾಡೋ ಕ್ಲಾಗೆ ಒಂದು ಮೂವ್‌ನ ಜಾಗ ಕೊಡಬೇಕು. ವೀವೈಲ್ ತನ್ನ ಎಂದಿನ ನಾಕ್ ಆಫ್‌ನಿಂದಲೇ ಆ ಗೋಡೆಗೆ ಬಿರುಕು ಬಿಡಿಸುತ್ತದೆ.

ಜೋಡಿ ಪಂದ್ಯಗಳಲ್ಲಿ ನಾನು ವೀವೈಲ್ ಪರ ವಾದಿಸುವುದನ್ನು ಬಿಟ್ಟುಬಿಟ್ಟಿದ್ದೇನೆ. ಅಲ್ಲಿ ನಿರ್ಣಾಯಕವಾದದ್ದು ಅನ್‌ಬರ್ಡನ್ ಎಂಬ ಎಬಿಲಿಟಿ: ಕೈಯಲ್ಲಿರುವ ವಸ್ತು ಖರ್ಚಾದೊಡನೆ ಸ್ನೀಸ್ಲರ್‌ನ ವೇಗ ಇಮ್ಮಡಿಯಾಗುತ್ತದೆ, ಅಂದರೆ ಮೇಲೆ ಹೇಳಿದ 189 ಒಮ್ಮೆಲೇ 378. ಪಕ್ಕದಲ್ಲಿ ರಿಲ್ಲಬೂಮ್ ನಿಂತಿದ್ದರೆ ಅದು ಹರಡುವ ಗ್ರಾಸಿ ಟೆರೇನ್‌ನಿಂದ ಸ್ನೀಸ್ಲರ್ ಹಿಡಿದಿರುವ ಗ್ರಾಸಿ ಸೀಡ್ ತಕ್ಷಣ ಬಳಕೆಯಾಗಿ, ಸ್ನೀಸ್ಲರ್‌ನ ಡಿಫೆನ್ಸ್ ಒಂದು ಹಂತ ಏರಿ, ವೇಗವೂ ಇಮ್ಮಡಿಯಾಗುತ್ತದೆ. ಅದೇ ಟೆರೇನ್ ಗ್ರೌಂಡ್ ಮೂವ್ ಆದ ಅರ್ಥ್‌ಕ್ವೇಕ್‌ನ ಬಲವನ್ನು ಅರ್ಧಕ್ಕಿಳಿಸುವುದು ಮೇಲಿನ ಲಾಭ. ಜೊತೆಗಾರನ ನೆರವಿಲ್ಲದೆಯೂ ಇದನ್ನು ಸಾಧಿಸಬಹುದು: ಕ್ಲೋಸ್ ಕಾಂಬ್ಯಾಟ್ ಹೊಡೆದಾಗ ಕುಸಿಯುವ ಎರಡೂ ರಕ್ಷಣೆಗಳನ್ನು ವೈಟ್ ಹರ್ಬ್ ಎಂಬ ವಸ್ತು ಸರಿಪಡಿಸಿ ತಾನು ಖರ್ಚಾಗುತ್ತದೆ, ಮರುಸುತ್ತಿನಿಂದ ವೇಗ ಇಮ್ಮಡಿ. ದೋಷವನ್ನೇ ಗುಣವಾಗಿಸಿಕೊಳ್ಳುವ ಈ ಏರ್ಪಾಟು ನನಗೆ ಡಯರ್ ಕ್ಲಾಗಿಂತ ಎಷ್ಟೋ ಹೆಚ್ಚು ಮೆಚ್ಚುಗೆಯಾಯಿತು. ವೀವೈಲ್‌ಗಿರುವ ಪ್ರೆಶರ್ ಮತ್ತು ಪಿಕ್‌ಪಾಕೆಟ್ ಎಂಬ ಎಬಿಲಿಟಿಗಳು ಇದರ ಹತ್ತಿರವೂ ಸುಳಿಯುವುದಿಲ್ಲ. ಕಣಕ್ಕಿಳಿದ ಮೊದಲ ಸುತ್ತಿನಲ್ಲಿ ಎದುರಾಳಿಯನ್ನು ತಡೆಯುವ ಫೇಕ್ ಔಟ್ ಎರಡಕ್ಕೂ ಇದೆ, ಆದರೆ ಫೇಕ್ ಔಟ್ ಮುಗಿದ ಮೇಲೂ ಬೆದರಿಕೆಯಾಗಿ ಉಳಿಯುವುದು ಸ್ನೀಸ್ಲರ್.

ಇವೆರಡನ್ನು ಮುಖಾಮುಖಿ ನಿಲ್ಲಿಸಿದರೆ ಯಾವುದು ಗೆಲ್ಲುತ್ತದೆ ಎಂಬ ಕುತೂಹಲ ಸಹಜ. ನಾಕ್ ಆಫ್ ಅನ್ನು ಸ್ನೀಸ್ಲರ್ ಅರ್ಧಕ್ಕಿಳಿಸುತ್ತದೆ, ಕ್ಲೋಸ್ ಕಾಂಬ್ಯಾಟ್ ವೀವೈಲ್‌ಗೆ ನಾಲ್ಕು ಪಟ್ಟು, ಆದ್ದರಿಂದ ಸ್ನೀಸ್ಲರ್‌ನದೇ ಮೇಲುಗೈ ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಮೊದಲು ಹೊಡೆಯುವುದು ವೀವೈಲ್, ಮತ್ತು ಐಸ್‌ಗೆ ಸ್ನೀಸ್ಲರ್‌ನಲ್ಲಿ ಪ್ರತಿರೋಧವಿಲ್ಲ. ಲೆವೆಲ್ 50ರಲ್ಲಿ, ವಸ್ತುಗಳ ಪ್ರಭಾವವನ್ನು ಬದಿಗಿಟ್ಟು, ಎರಡಕ್ಕೂ ಜಾಲಿ ಸ್ವಭಾವ ಮತ್ತು ಅಟ್ಯಾಕ್ ಹಾಗೂ ವೇಗದ ಪೂರ್ಣ ತರಬೇತಿ ಕೊಟ್ಟು ಲೆಕ್ಕ ಹಾಕಿದರೆ, ಟ್ರಿಪಲ್ ಆಕ್ಸಲ್‌ನ ಮೂರು ಏಟುಗಳು ಸೇರಿ ಸುಮಾರು 147ರಿಂದ 175ರವರೆಗೆ ಹಾನಿ ಮಾಡುತ್ತವೆ. ಸ್ನೀಸ್ಲರ್‌ನ ಪ್ರಾಣಶಕ್ತಿ 155. ಮೂರೂ ತಗುಲಿದರೆ ಸ್ನೀಸ್ಲರ್ ಬೀಳುವುದೇ ಹೆಚ್ಚು, ಒಂದು ತಪ್ಪಿದರೂ ವೀವೈಲ್‌ನ ಕಥೆ ಮುಗಿಯಿತು. ಅನ್‌ಬರ್ಡನ್ ಮೊದಲೇ ಕೆಲಸ ಮಾಡಿದ್ದರೆ ಈ ಲೆಕ್ಕಕ್ಕೆ ಅರ್ಥವೇ ಇಲ್ಲ, ವೀವೈಲ್‌ಗೆ ಉಗುರು ಎತ್ತುವ ಅವಕಾಶವೂ ಸಿಗುವುದಿಲ್ಲ.

ಹೊಸದಾಗಿ ಆರಂಭಿಸುವವರು ಒಂದನ್ನೇ ಬೆಳೆಸುವುದಾದರೆ ಹೀಗೆ ಮಾಡಬಹುದು. ಕಥೆಯನ್ನು ಮುಗಿಸುವುದೂ ಒಂಟಿ ಪಂದ್ಯಗಳೂ ಗುರಿಯಾಗಿದ್ದರೆ ಗ್ಲಾಸಿಯಾಡೋದಲ್ಲಿ ಸಿಗುವ ಸ್ನೀಸಲ್ ಅನ್ನು ಹಿಡಿದು, ಜಾಲಿ ಸ್ವಭಾವ ಕೊಟ್ಟು, ರಾತ್ರಿಗಾಗಿ ಕಾಯಬೇಕು. ಜೋಡಿ ಪಂದ್ಯಗಳೇ ಮುಖ್ಯವಾಗಿದ್ದರೆ ಹೋಮ್ ಮೂಲಕ ಹಿಸುಯಿಯದ್ದನ್ನು ತರಿಸಿ, ಸ್ನೀಸ್ಲರ್ ಆದ ಮೇಲೆ ಅದರ ಎಬಿಲಿಟಿ ಅನ್‌ಬರ್ಡನ್ ಹೌದೋ ಅಲ್ಲವೋ ಎಂದು ಮೊದಲು ನೋಡಿ, ಅಲ್ಲದಿದ್ದರೆ ಅದನ್ನು ಬದಲಿಸುವ ಎಬಿಲಿಟಿ ಕ್ಯಾಪ್ಸೂಲ್‌ಗೆ ಹಣ ಹೊಂದಿಸಿಕೊಳ್ಳಬೇಕು. ವೈಟ್ ಹರ್ಬ್ ಹಿಡಿಸುವುದು ಆಮೇಲಿನ ಕೆಲಸ.