ಹಾಸನದ ವೆಲ್ಡಿಂಗ್ ಶಾಪಲ್ಲಿ ಮಾಡ್ಸಿದ ಆಮೆ ದೊಡ್ಡಿ: ಗೇಟ್ ಒಂದು ಬಿಟ್ರೆ ಮಿಕ್ಕಿದ್ದೆಲ್ಲಾ ಸೂಪರ್

ನಮ್ಮನೆ ಸುಲ್ಕಾಟಾ ಆಮೆಗೆ ಹಿತ್ತಲಲ್ಲಿ ಇಡೋಕೆ ಅಂತ ಬಿಎಂ ರೋಡ್ ಕಡೆ ಒಂದು ಸಣ್ಣ ವೆಲ್ಡಿಂಗ್ ಶಾಪಲ್ಲಿ ದೊಡ್ಡಿ ಮಾಡಿಸ್ದೆ, 10 ಅಡಿ ಉದ್ದ 6 ಅಡಿ ಅಗಲ. ಮಳೆಗಾಲ ಚಳಿಗಾಲ ಎರಡೂ ಕಳೀಲಿ ಆಮೇಲೆ ಬರೆಯೋಣ ಅಂತ ಸುಮ್ನಿದ್ದೆ, ಹೊಸದ್ರಲ್ಲಿ ಎಲ್ಲಾನೂ ಚೆನ್ನಾಗೇ ಕಾಣತ್ತೆ ಅಲ್ವಾ. 5ಕ್ಕೆ 4 ಕೊಡ್ತೀನಿ.

ಮೊದ್ಲೇ ಒಂದ್ ಮಾತು, ನಕ್ಷತ್ರ ಆಮೆ ಇಟ್ಕೊಂಡಿರೋರು ಗೂಡಿನ ಐಡಿಯಾ ಕೇಳೋಕೆ ಬರ್ಬೇಡಿ. ಅದು ವನ್ಯಜೀವಿ ಕಾಯ್ದೆ ಶೆಡ್ಯೂಲ್ 1ರಲ್ಲಿದೆ, ಮನೇಲಿ ಇಟ್ಕೊಂಡ್ರೆ ಜೈಲು. ಸುಲ್ಕಾಟಾ ಆಫ್ರಿಕಾದ್ದು, ಆದ್ರೂ 2024ರ ರೂಲ್ಸ್ ಪ್ರಕಾರ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲಲ್ಲಿ ರಿಜಿಸ್ಟರ್ ಮಾಡಿಸ್ಲೇಬೇಕು.

ರೆಡಿಮೇಡ್ ಯಾಕೆ ತಗೊಳ್ಳಿಲ್ಲ ಅಂದ್ರೆ, ನಮ್ ಭಾವ ಆನ್‌ಲೈನಲ್ಲಿ ಮರದ್ದು ಒಂದು ತರ್ಸಿದ್ರು, ಫೋಟೋದಲ್ಲಿ ಬಂಗ್ಲೆ ತರ ಇತ್ತು, ಆಷಾಢದ ಜಡಿಮಳೇಲಿ ಹಲಗೆ ಉಬ್ಬಿ ಬಾಗಿಲು ಮುಚ್ಚೋಕೇ ಆಗ್ತಿರ್ಲಿಲ್ಲ. ಅದಕ್ಕಿದ್ದ ಜಾಲರಿ ತೆಳ್ಳಗಿನ ಕೋಳಿ ಮೆಶ್ಶು, ಬೀದಿನಾಯಿ ಎರಡ್ ಸಲ ಎಳೆದ್ರೆ ಕಿತ್ಕೊಂಡ್ ಬರತ್ತೆ, ಹೆಗ್ಗಣಕ್ಕಂತೂ ಲೆಕ್ಕಾನೇ ಇಲ್ಲ.

ಶಾಪ್ ಅಣ್ಣ "ಆಮೆಗಾ ಸಾರ್, ಅದೆಲ್ಲಿಗ್ ಓಡೋಗತ್ತೆ" ಅಂತ ನಕ್ರು, ಆದ್ರೆ ಹೇಳಿದ್ದನ್ನ ಕೂತು ಕೇಳಿಸ್ಕೊಂಡ್ರು, ಅದೇ ದೊಡ್ಡದು. ನಾನು ಕೇಳಿದ್ದು ಮುಖ್ಯವಾಗಿ ಗೋಡೆ ಬಗ್ಗೆ. ಆಮೆಗೆ ಆಚೆ ಕಾಣಿಸಿದ್ರೆ ಮುಗೀತು, ಇಡೀ ದಿನ ಮೆಶ್ಶಿಗೆ ತಲೆ ಕೊಟ್ಟು ತಳ್ತಾನೇ ಇರತ್ತೆ, ಮೂತಿ ತರಚಿ ಗಾಯ ಆಗತ್ತೆ, ಇಲ್ಲಾ ಮೂಲೇಲಿ ಹತ್ತೋಕ್ ಹೋಗಿ ಅಂಗಾತ ಬೀಳತ್ತೆ, ಬಿಸಿಲಲ್ಲಿ ಹಾಗೇ ಬಿದ್ದಿದ್ರೆ ಜೀವಕ್ಕೇ ಅಪಾಯ. ಅದಕ್ಕೆ ಕೆಳಗಿನ ಎರಡಡಿ ಪೂರ್ತಿ ಜಿಐ (ಸತು ಲೇಪಿಸಿದ ಕಬ್ಬಿಣ) ಶೀಟು, ಅದ್ರ ಮೇಲೆ ದಪ್ಪ ವೆಲ್ಡ್ ಮೆಶ್ಶು. ಇನ್ನ ಅಗೆಯೋದು! ಸುಲ್ಕಾಟಾ ಅಂದ್ರೆ ಅಗೆಯೋಕೇ ಹುಟ್ಟಿರೋದು, ಅದ್ರ ಊರಲ್ಲಿ ಮೀಟರ್‌ಗಟ್ಲೆ ಬಿಲ ತೋಡ್ಕೊಂಡು ಬಿಸಿಲು ತಪ್ಪಿಸ್ಕೊಳ್ಳತ್ತೆ. ಹಾಗಾಗಿ ಸುತ್ತ ಒಂದೂವರೆ ಅಡಿ ಚರಂಡಿ ತೆಗ್ಸಿ ಚಪ್ಪಡಿ ಕಲ್ಲು ನಿಲ್ಸಿ ಅದ್ರ ಮೇಲೆ ಫ್ರೇಮ್ ಕೂರ್ಸಿದ್ದು, ನಮ್ ಹಾಸನದಲ್ಲಿ ಕಲ್ಲಿಗೇನ್ ಬರ ಹೇಳಿ. ಮೂಲೇಲಿ ಮುಂಗಾಲಿಂದ ಪರಪರ ಅಂತ ಮಣ್ಣು ಎಳೆದು ಹಿಂದಕ್ಕೆ ತಳ್ಳತ್ತೆ, ಉಗುರು ಕಲ್ಲಿಗೆ ಕರ್ ಅಂದ ತಕ್ಷಣ ಸ್ವಲ್ಪ ಹೊತ್ತು ಹಾಗೇ ನಿಂತು ಪಕ್ಕದ ಮೂಲೆಗೆ ಹೋಗಿ ಮತ್ತೆ ಶುರು ಮಾಡತ್ತೆ, ಹಠ ಅಂದ್ರೆ ಹಠ.

ಮೇಲ್ಗಡೆಗೆ ಪೂರ್ತಿ ಪಾಲಿಕಾರ್ಬೊನೇಟ್ ಶೀಟ್ ಹೊಡೀತೀನಿ ಅಂದ್ರು, ನಾನೇ ಬೇಡ ಅಂದೆ. ಬಿಸಿಲಲ್ಲಿರೋ ಯುವಿಬಿ ಅನ್ನೋ ಅತಿನೇರಳೆ ಕಿರಣ ನೇರ ಮೈಗೆ ಬಿದ್ರೇನೇ ವಿಟಮಿನ್ ಡಿ3 ಆಗೋದು, ಅದಿಲ್ದೆ ಕ್ಯಾಲ್ಷಿಯಂ ಹಿಡಿಯಲ್ಲ, ಚಿಪ್ಪು ಮೆತ್ತಗಾಗತ್ತೆ, ಗಾಜು ಪಾಲಿಕಾರ್ಬೊನೇಟ್ ಎರಡೂ ಆ ಕಿರಣಾನ ತಡೀತವೆ. ಅರ್ಧ ಮೆಶ್ಶು ಅರ್ಧ ಶೀಟು ಹಾಕ್ಸಿದೀವಿ, ಕಾಗೆ ಹದ್ದು ಮಂಗ ಯಾವ್ದರ ಕಾಟಾನೂ ಇಲ್ಲ. ಎಲ್ಲಾ ಪ್ಯಾನೆಲ್‌ಗಳ್ನ ಬೋಲ್ಟ್ ಹಾಕಿ ಜೋಡ್ಸಿರೋದ್ರಿಂದ ಮುಂದೆ ಬಿಚ್ಚಿ ದೊಡ್ಡದು ಮಾಡ್ಬೋದು, ಮಾಡ್ಲೇಬೇಕು ಕೂಡ, ಇದು ಬೆಳೆದ್ರೆ 40-50 ಕೆಜಿ ತೂಗೋ ಪ್ರಾಣಿ, ಈಗ ಊಟದ ತಟ್ಟೆ ಅಷ್ಟಿದೆ ಅಂತ ಮೋಸ ಹೋಗ್ಬಾರ್ದು.

ಕಟ್ ಮಾಡಿದ ಒಂದು ಸ್ಟಾರ್ ಗೇಟಿಗೆ. ಕೆಳಗೆ ಎರಡಿಂಚು ಸಂದು ಬಿಟ್ಟಿದಾರೆ, ಪಟ್ಟಿ ಹಾಕ್ಕೊಡ್ತೀನಿ ಅಂತ ಫೋನಲ್ಲಿ "ನಾಳೆ ಸಾರ್" ಅನ್ನೋದೇ ಆಯ್ತು, ಸದ್ಯಕ್ಕೆ ಸಾಲಿಡ್ ಬ್ಲಾಕ್ ಅಡ್ಡ ಇಟ್ಟಿದೀನಿ. ಮೆಶ್ ಕಟ್ ಮಾಡಿದ ತುದಿಗಳ್ನ ಗ್ರೈಂಡ್ ಮಾಡಿರ್ಲಿಲ್ಲ, ಕೈ ಆಡ್ಸಿ ನೋಡಿ ವಾಪಸ್ ಕಳ್ಸಿ ಮಾಡಿಸ್ಕೊಂಡೆ. ವೆಲ್ಡಿಂಗ್ ಜಾಗದಲ್ಲಿ ಸತುವಿನ ಕೋಟಿಂಗ್ ಸುಟ್ಟೋಗಿರತ್ತೆ, ಪ್ರೈಮರ್ ಹೊಡ್ಸದಿದ್ರೆ ಅಲ್ಲಿಂದಾನೇ ತುಕ್ಕು ಶುರು, ಇದನ್ನೂ ನಾವೇ ನೆನಪಿಸ್ಬೇಕು. ರೇಟು ಮಾತ್ರ ನ್ಯಾಯವಾಗೇ ಹಾಕಿದ್ರು, ಕಬ್ಬಿಣ ತೂಕ ಹಾಕಿ ಕಣ್ಣೆದುರೇ ಬಿಲ್ ಬರೆದ್ರು.

ರಾತ್ರಿ ಕೋಣೆ ಶಾಪಿನವ್ರ ಕೆಲ್ಸ ಅಲ್ಲ, ಒಂದು ಮೂಲೇಲಿ ನೆಲ ಎತ್ತರ ಮಾಡಿ ಸಾಲಿಡ್ ಬ್ಲಾಕ್ ಕಟ್ಟಿ ಹೆಂಚು ಹೊದ್ಸಿ ಒಣಹುಲ್ಲು ಹಾಕಿದೀವಿ. ನಮ್ಮಲ್ಲಿ ಜನವರಿ ರಾತ್ರಿ 14-15 ಡಿಗ್ರಿಗೆ ಇಳಿಯತ್ತೆ, ಬರೀ ಚಳಿ ಹೇಗೋ ತಡ್ಕೊಳ್ಳತ್ತೆ ಅನ್ನಿ, ಚಳಿ ಜೊತೆ ತೇವಾನೂ ಸೇರಿದ್ರೆ ನ್ಯುಮೋನಿಯಾ. ಮೂಗಲ್ಲಿ ಗುಳ್ಳೆ ಬಂದ್ರೆ, ಬಾಯಿ ತೆಗ್ದು ಉಸಿರಾಡಿದ್ರೆ, ಮನೆಮದ್ದು ಮಾಡ್ದೆ ಡಾಕ್ಟರ್ ಹತ್ರ ಓಡಿ. ದೊಡ್ಡಿ ಒಳಗೆ ಗರಿಕೆ, ದಾಸವಾಳ ಹಾಕಿ, ಕಣಗಿಲೆ ಲಂಟಾನ ಎರಡೂ ವಿಷ, ಬೇಲಿ ಪಕ್ಕ ಇದ್ರೂ ಕಿತ್ತಾಕಿ.

ಸಕಲೇಶಪುರ, ಮೂಡಿಗೆರೆ ಕಡೆಯೋರು ಇದನ್ನ ನೋಡಿ ಹಾಗೇ ಕಾಪಿ ಮಾಡ್ಸೋಕ್ ಹೋಗ್ಬೇಡಿ, ನಿಮ್ ಮಳೆಗೆ ಇದು ಸಾಲಲ್ಲ. ಜೂನಿಂದ ಸೆಪ್ಟೆಂಬರ್ ತನಕ ಒಳಗಡೆ ಒಣಗಿರೋ ರೂಮು, ಯುವಿಬಿ ಲೈಟು ಬೇಕೇ ಬೇಕು, ಹೊರಗಿನ ದೊಡ್ಡಿ ಬಿಸಿಲುಗಾಲಕ್ಕೆ ಮಾತ್ರ ಅಂತ ಲೆಕ್ಕ ಇಟ್ಕೊಂಡು ದುಡ್ಡು ಹಾಕಿ.