ಲೇಸರ್ ಕಿರಣ ಆಡಿಸಲು ಕನ್ನಡಿಯೋ, ಶಬ್ದವೋ?

ಲೇಸರ್ ಕಿರಣವನ್ನು ಆಚೀಚೆ ಆಡಿಸಬೇಕು ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಗಾಲ್ವೋ, ಅಂದರೆ ವಿದ್ಯುತ್ತಿನಿಂದ ತಿರುಗುವ ಕನ್ನಡಿ. ಕಲಬುರಗಿಯ ನಮ್ಮ ಫಿಸಿಕ್ಸ್ ಲ್ಯಾಬಿನಲ್ಲಿ ಗಾಲ್ವೋ, ಹರಳಿನೊಳಗೆ ಹರಿಸಿದ ಶಬ್ದದಿಂದ ಬೆಳಕನ್ನು ಬಾಗಿಸುವ ಅಕೌಸ್ಟೋ-ಆಪ್ಟಿಕ್ ಮಾಡ್ಯುಲೇಟರ್ ಅಂದರೆ ಎಒಎಂ, ಜೊತೆಗೆ ಸೀಮೆಎಣ್ಣೆಯಲ್ಲಿ ಶಬ್ದ ಹರಿಸಿ ಅದೇ ಕೆಲಸ ತೋರಿಸುವ ಎಂ.ಎಸ್ಸಿ.ಯವರ ಸೀಮೆಎಣ್ಣೆ ಸೆಲ್, ಮೂರನ್ನೂ ಒಂದೇ ಹೀಲಿಯಂ-ನಿಯಾನ್ ಲೇಸರ್ ಮುಂದೆ ಇಟ್ಟು ನೋಡಿದ್ದೇನೆ. ಅಗಲ ಬೇಕಿದ್ದರೆ ಕನ್ನಡಿ, ವೇಗ ಬೇಕಿದ್ದರೆ ಶಬ್ದ. ಎರಡೂ ಒಂದರಲ್ಲೇ ಸಿಗುವುದಿಲ್ಲ.

ಗಾಲ್ವೋ ಸುಲಭ. ಪುಟ್ಟ ಕನ್ನಡಿ 10 ಡಿಗ್ರಿ ತಿರುಗಿದರೆ ಕಿರಣ 20 ಡಿಗ್ರಿ ವಾಲುತ್ತದೆ, 4 ಮೀಟರ್ ದೂರದ ಗೋಡೆಯ ಮೇಲೆ ಚುಕ್ಕೆ ಸುಮಾರು ಒಂದೂವರೆ ಮೀಟರ್ ಸರಿಯುತ್ತದೆ. ಬೆಳಕೂ ಜಾಸ್ತಿ ನಷ್ಟವಾಗುವುದಿಲ್ಲ. ಆದರೆ ಕನ್ನಡಿಗೆ ತೂಕ ಇದೆ ಅಲ್ವಾ? ವೇಗ ಏರಿಸುತ್ತಾ ಹೋದಂತೆ ಗುಂಯ್ ಅನ್ನಲು ಶುರು ಮಾಡುತ್ತದೆ, ಬರೆದ ಚೌಕದ ಮೂಲೆಗಳು ದುಂಡಗಾಗುತ್ತವೆ.

ಎಒಎಂನಲ್ಲಿ ತಿರುಗುವ ಭಾಗವೇ ಇಲ್ಲ. ಟೆಲ್ಲೂರಿಯಂ ಡೈಆಕ್ಸೈಡ್ ಹರಳಿಗೆ ಅಂಟಿಸಿದ, ವಿದ್ಯುತ್ತನ್ನು ಕಂಪನವಾಗಿಸುವ ಟ್ರಾನ್ಸ್‌ಡ್ಯೂಸರ್‌ಗೆ 80 ಮೆಗಾಹರ್ಟ್ಸ್ ಸಿಗ್ನಲ್ ಕೊಟ್ಟರೆ ಹರಳಿನೊಳಗೆ ಸೆಕೆಂಡಿಗೆ ಸುಮಾರು 4,200 ಮೀಟರ್ ವೇಗದಲ್ಲಿ ಶಬ್ದದ ಅಲೆ ಓಡುತ್ತದೆ, ಬೆಳಕಿಗೆ ಅದೇ ಗ್ರೇಟಿಂಗ್, ಅಂದರೆ ಕಿರಣವನ್ನು ಬೇರೆ ಬೇರೆ ದಿಕ್ಕಿಗೆ ಒಡೆಯುವ ಒತ್ತೊತ್ತು ಗೆರೆಗಳ ಸಾಲು. ಡ್ರೈವರ್ ಆನ್ ಮಾಡಿದ ಕೂಡಲೇ ಮಂಕು ಚುಕ್ಕೆಗಳಷ್ಟೇ ಕಾಣುತ್ತವೆ. ಸ್ಟ್ಯಾಂಡಿನ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸುತ್ತಾ ಬಂದರೆ, ಒಂದು ಹಂತದಲ್ಲಿ ಒಂದೇ ಬದಿಯ ಚುಕ್ಕೆ ಝಗ್ ಅಂತ ಬೆಳಗಿ ನಡುವಿನದು ಮಂಕಾಗುತ್ತದೆ. ಅದೇ ಬ್ರ್ಯಾಗ್ ಕೋನ. ಅದು ಸಿಕ್ಕ ಕ್ಷಣ ನನಗೆ ಈಗಲೂ ಖುಷಿ ಕೊಡುತ್ತದೆ. ಸಿಗ್ನಲ್ಲಿನ ಪವರ್ ಏರಿಳಿಸಿದರೆ ಚುಕ್ಕೆಯ ಹೊಳಪು ಏರಿಳಿಯುತ್ತದೆ, ಫ್ರೀಕ್ವೆನ್ಸಿ ಬದಲಿಸಿದರೆ ಚುಕ್ಕೆ ಜರುಗುತ್ತದೆ. ಒಂದು ಮಿಲಿಮೀಟರ್ ದಪ್ಪದ ಕಿರಣವನ್ನು ಶಬ್ದ ದಾಟಲು ಕಾಲು ಮೈಕ್ರೋಸೆಕೆಂಡ್ ಸಾಕು, ಗಾಲ್ವೋ ಈ ಲೆಕ್ಕದಲ್ಲಿ ಹತ್ತಿರವೂ ಬರುವುದಿಲ್ಲ.

ಕೊರತೆ ಅಗಲದ್ದು. ಅದೇ ಗೋಡೆಯ ಮೇಲೆ ಚುಕ್ಕೆ ನಡುವಿನದರಿಂದ 4.8 ಸೆಂಟಿಮೀಟರ್ ದೂರ ಬೀಳುತ್ತದೆ, 80ರಿಂದ 90 ಮೆಗಾಹರ್ಟ್ಸ್‌ಗೆ ಹೋದರೆ ಮತ್ತೆ 6 ಮಿಲಿಮೀಟರ್, ಅಷ್ಟೇ. ಇದೇ ಹರಳನ್ನು ಬೇರೆ ದಿಕ್ಕಿನಲ್ಲಿ ಕತ್ತರಿಸಿ ಮಾಡಿದ ಡಿಫ್ಲೆಕ್ಟರ್‌ಗಳಲ್ಲಿ ಶಬ್ದದ ವೇಗ ಸೆಕೆಂಡಿಗೆ ಬರೀ 617 ಮೀಟರ್. ಕೋನ ಸುಮಾರು ಏಳು ಪಟ್ಟು ಹಿಗ್ಗುತ್ತದೆ, ಆದರೆ ಶಬ್ದ ಕಿರಣವನ್ನು ದಾಟಲು ಹಿಡಿಯುವ ಸಮಯವೂ ಅಷ್ಟೇ ಹಿಗ್ಗುತ್ತದೆ. ಲೇಸರ್ ಮಾರ್ಕಿಂಗ್ ಅಂಗಡಿ ಹಾಕುವವರು ಸುಮ್ನೆ ಗಾಲ್ವೋ ತಗೊಳ್ಳಿ.

ಕಾಲೇಜಿನವರಿಗೆ ಮಾತ್ರ ನಾನು ಮೊದಲು ಹೇಳುವುದು ಸೀಮೆಎಣ್ಣೆ ಸೆಲ್. ಸೀಮೆಎಣ್ಣೆ ತುಂಬಿದ ಗಾಜಿನ ಡಬ್ಬಿ, ಕ್ವಾರ್ಟ್ಜ್ ಹರಳು, ಅದನ್ನು ಕಂಪಿಸಿ ಶಬ್ದ ಎಬ್ಬಿಸಲು 2 ಮೆಗಾಹರ್ಟ್ಸ್ ಆಸಿಲೇಟರ್ ಇದ್ದರೆ ಆಯಿತು. ಗೋಡೆಯ ಮೇಲೆ ಸುಮಾರು 4 ಮಿಲಿಮೀಟರ್‌ಗೊಂದರಂತೆ ಚುಕ್ಕೆಗಳ ಸಾಲು ಬರುತ್ತದೆ. ಕಿರಣ ತಿರುಗಿಸುವ ಕೆಲಸಕ್ಕೆ ಇದು ಬರುವುದಿಲ್ಲ, ಆದರೆ ಎಒಎಂ ಯಾಕೆ ಕೆಲಸ ಮಾಡುತ್ತದೆ ಅನ್ನುವುದು ಇಲ್ಲೇ ತಿಳಿಯುತ್ತದೆ. ಈ ಸಾಲಿನ ಲೆಕ್ಕ ಬಿಡಿಸಿದವರು ಬೆಂಗಳೂರಿನಲ್ಲಿದ್ದ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥ್, 1935-36ರಲ್ಲಿ. ಸೀಮೆಎಣ್ಣೆ ಬಿಸಿಯಾದಷ್ಟೂ ಅದರೊಳಗೆ ಶಬ್ದದ ವೇಗ ಇಳಿಯುತ್ತದೆ, ಚುಕ್ಕೆಗಳ ಅಂತರ ಹೆಚ್ಚುತ್ತದೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಇದನ್ನು ಮರೆಯುವ ಹಾಗಿಲ್ಲ. ಥರ್ಮಾಮೀಟರ್ ನೋಡಿ ತಾಪಮಾನ ಬರೆಯದೆ ತಂದ ರೆಕಾರ್ಡ್ ಬುಕ್ಕಿಗೆ ನಾನು ಸಹಿ ಹಾಕುವುದಿಲ್ಲ.